ಹುಕುಂದಾರನ ದಿಣ್ಣೆ

ಕೊಂಡಲಗೆರೆಯ ದೇವೀರಮ್ಮನಿಗೆ ಒಂದು ಅಭ್ಯಾಸ. ಕೆರೆ ಏರಿಯ ತಿರುವಿನಲ್ಲಿರುವ ಹುಕುಂದಾರನ ದಿಣ್ಣೆಯನ್ನು ಹತ್ತುವ ಮೊದಲು ಆಕೆ ನಿಂತು, ಸೆರಗು ಸರಿಮಾಡಿಕೊಂಡು, "ನಾನು ದೇವೀರಿ ಕಣಪ್ಪ" ಎನ್ನುತ್ತಾಳೆ. ಮೇಲೆ ಯಾರೂ ಇರುವುದಿಲ್ಲ. ಒಂದು ಹಾಸುಗಲ್ಲು, ಪಕ್ಕದಲ್ಲಿ ಒಂದು ಎಕ್ಕದ ಗಿಡ, ಅಷ್ಟೆ. ಅಂದು ಆಕೆಯ ಹಿಂದೆಯೇ ಹತ್ತಿದವರು ಪಂಚಾಯಿತಿ ಕಾರ್ಯದರ್ಶಿ ವಿರೂಪಾಕ್ಷ. ನಾಡಿನ ಸೇನಾನಿಗಳನ್ನು ಗೌರವಿಸಲು ಅಲ್ಲೊಂದು ಸ್ಮಾರಕ ಕಟ್ಟಿಸಿ, ಅದೇ ತಾಲ್ಲೂಕಿನಲ್ಲಿ ಹುಟ್ಟಿ ಜನರಲ್ ಆದವರೊಬ್ಬರ ಹೆಸರನ್ನು ದಿಣ್ಣೆಗೇ ಇಡುವುದೆಂದು ತೀರ್ಮಾನವಾಗಿತ್ತು.

"ಹುಕುಂದಾರ ಅಂದ್ರೆ ಯಾವನೋ ಹುಕುಂ ಚಲಾಯಿಸ್ದೋನು. ಅವನ ಹೆಸರು ಇನ್ನೂ ಯಾಕಮ್ಮ?" ಎಂದರು ಕಾರ್ಯದರ್ಶಿ.

"ಚಲಾಯಿಸ್ದೋನಲ್ಲ ಸ್ವಾಮಿ, ಯಾರು ಅಂತ ಕೇಳ್ದೋನು. ಕೂತ್ಕೊಳಿ, ಹೇಳ್ತೀನಿ." ಹೇಳುವುದರಲ್ಲಿ ಎಲ್ಲಿ ಎಡವಿದರೂ ಹೆಸರು ಹೋಗಿಯೇಬಿಡುತ್ತದೆ ಎಂದು ದೇವೀರಮ್ಮ ಒಂದೊಂದೇ ಮಾತನ್ನು ತೂಗಿ ಶುರುಮಾಡಿದಳು.

ಹಿಂದೆ ಒಮ್ಮೆ, ಮೊದಲ ಮಹಾಯುದ್ಧ ಮುಗಿದ ಕಾಲಕ್ಕೆ, ಆಕೆಯ ಗಂಡನ ಅಜ್ಜ ಮುದ್ದರಂಗಯ್ಯ ಮೈಸೂರಿನ ಕುದುರೆ ಪಡೆಯಿಂದ ಊರಿಗೆ ಮರಳಿದನಂತೆ. ಮರಳುಗಾಡಿನ ಕದನದಲ್ಲಿ ಸಿಡಿಮದ್ದಿನ ಉರಿಗೆ ಅವನ ಕಣ್ಣು ಮಂಜಾಗಿತ್ತು. ನಾಲ್ಕು ಮಾರು ಆಚೆ ನಿಂತ ಮನುಷ್ಯ ಅವನ ಪಾಲಿಗೆ ಬರೀ ನೆರಳು. ಆ ವರ್ಷ ಕೆರೆ ಮಿತಿಮೀರಿ ತುಂಬಿತು. ನೀರು ಹಿಂದಕ್ಕೊತ್ತಿ ಮೇಲಿನಹಳ್ಳಿಯ ಹೊಲಗಳು ಮುಳುಗತೊಡಗಿದವು. ಆ ಊರಿನವರು ಏರಿ ಒಡೆಯಲು ಬರುತ್ತಾರೆಂದು ಸುದ್ದಿ ಹಬ್ಬಿತು. ಏರಿ ಒಡೆದರೆ ಕೆಳಗಿರುವ ಕೊಂಡಲಗೆರೆಯೇ ಕೊಚ್ಚಿಹೋಗುವ ಹಾಗಿತ್ತು. ಊರ ಗಂಡಸರೆಲ್ಲ ತೂಬಿನ ಬಳಿ ಮಣ್ಣು ಹೊರುತ್ತಿದ್ದಾಗ, ಈ ತಿರುವು ಕಾಯಲು ಪಟೇಲರ ನಾಡಕೋವಿ ಹಿಡಿದು ಮುದ್ದರಂಗಯ್ಯ ಒಬ್ಬನೇ ನಿಂತ.

ಹೊತ್ತು ಮುಳುಗುವಾಗ ಏರಿಯ ಮೇಲೊಂದು ನೆರಳು ಆಡಿತು. ಹಾರೆ ಕಲ್ಲಿಗೆ ತಗುಲಿದ ಸದ್ದು. "ಹುಕುಂದಾರ್" ಎಂದು ಅವನು ಕೂಗಿದ. ಇಂಗ್ಲಿಷರ 'ಹೂ ಕಮ್ಸ್ ದೇರ್' ಸಿಪಾಯಿಗಳ ನಾಲಿಗೆಯಲ್ಲಿ ಹಾಗಾಗಿತ್ತು. ಯಾರದು ಬರ್ತಿರೋದು ಎಂದಷ್ಟೇ ಅದರರ್ಥ. ಉತ್ತರವಿಲ್ಲ. ಮತ್ತೆ ಕೂಗಿದ. ಹೆಜ್ಜೆ ನಿಂತಿತು, ಬಾಯಿ ತೆರೆಯಲಿಲ್ಲ. ಮೂರನೆಯ ಕೂಗಿಗೂ ಮಾತು ಬಾರದಿದ್ದರೆ ಗುಂಡು ಹಾರಿಸುವುದು ಅವನು ಕಲಿತು ಬಂದ ಕಟ್ಟಳೆ. ಮುದ್ದರಂಗಯ್ಯ ಕೋವಿ ಎತ್ತಿ ನೆರಳಿನ ಎದೆಗೆ ಹಿಡಿದ. ಆಗ ಅತ್ತ ಕಡೆಯಿಂದ ಒಂದು ಒಣಕೆಮ್ಮು ಬಂತು. ಅದು ಅವನು ಚಿಕ್ಕಂದಿನಿಂದ ಮಗ್ಗುಲಲ್ಲೇ ಕೇಳುತ್ತ ಮಲಗಿದ್ದ ಕೆಮ್ಮು. ಮೇಲಿನಹಳ್ಳಿಗೆ ಮನೆಅಳಿಯನಾಗಿ ಹೋಗಿದ್ದ ತಮ್ಮ ಸಣ್ಣರಂಗ. ಮಾತಾಡಿದರೆ ಅಣ್ಣನಿಗೆ ದನಿಯ ಗುರುತು ಸಿಕ್ಕಿಬಿಡುತ್ತದೆಂದು ಅವನು ತುಟಿ ಕಚ್ಚಿ ನಿಂತಿದ್ದ.

ಮೂರನೆಯ ಕೂಗು ಏಳಲಿಲ್ಲ. ಮುದ್ದರಂಗಯ್ಯ ಕೋವಿಯನ್ನು ನೆಲಕ್ಕಿಟ್ಟು, ಕಾಲಿನಲ್ಲಿ ತಡವಿಕೊಂಡು ಹೋಗಿ, ಏರಿ ಎಲ್ಲಿ ತೀರ ಸಣ್ಣದಾಗಿತ್ತೋ ಅಲ್ಲೇ ಕುಳಿತ.

"ಸಣ್ಣ, ಹಾರೆ ಹಾಕ್ಬೇಕಾದ್ದು ಇಲ್ಲಿ. ಹಾಕು, ನಾನು ಏಳಲ್ಲ. ಅದಕ್ಕೆ ಮುಂಚೆ ಯಾರು ಅಂತ ಒಂದ್ಸಲ ನಿನ್ನ ಬಾಯಲ್ಲೇ ಹೇಳ್ಬಿಡು."

ನೀರು ಏರಿಗೆ ಬಡಿಯುತ್ತಿತ್ತು. ಹಾರೆ ಮೇಲೆದ್ದದ್ದು ಅವನಿಗೆ ಗಾಳಿಯಲ್ಲೇ ತಿಳಿಯಿತಂತೆ. ಕುತ್ತಿಗೆ ಬಗ್ಗಿಸಲಿಲ್ಲ. ಬಹಳ ಹೊತ್ತಿನ ಮೇಲೆ ಹಾರೆ ನೀರಿಗೆ ಬಿದ್ದ ಸದ್ದಾಯಿತು; ಹೆಜ್ಜೆಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಅಣ್ಣತಮ್ಮಂದಿರು ಆಮೇಲೆ ಬದುಕಿರುವತನಕ ಮಾತಾಡಲಿಲ್ಲ ಎನ್ನುತ್ತಾರೆ. ಬೇಸಿಗೆ ಬಂದಾಗ ಎರಡೂ ಊರಿನವರು ಸೇರಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನು ತಗ್ಗಿಸಿ, ಅವನು ಕುಳಿತಿದ್ದ ಜಾಗಕ್ಕೆ ಮಣ್ಣು ಸುರಿದು ಏರಿಸಿದರು. ಅದೇ ಈ ದಿಣ್ಣೆ; ಅವನ ಕೂಗೇ ಇದರ ಹೆಸರಾಯಿತು. ಹೆಸರು ಹೇಳದೆ ಇದನ್ನು ಹತ್ತಬಾರದೆಂಬ ರೂಢಿ ಅಂದಿನಿಂದ ಬಂದದ್ದು.

ಈಗಲೂ ಹೋದವರಿಗೆ ಏರಿಯ ಆ ಭಾಗವೊಂದೇ ಉಳಿದದ್ದಕ್ಕಿಂತ ದಪ್ಪಗೆ, ಉಬ್ಬಿಕೊಂಡು ಕಾಣುತ್ತದೆ. ದೇವೀರಮ್ಮ ಹೇಳಿ ಮುಗಿಸುವ ಹೊತ್ತಿಗೆ ಕೆಳಗೆ ಕೆಲಸದವರು ಹೊಸ ನಾಮಫಲಕಕ್ಕೆ ಗುಣಿ ತೋಡುತ್ತಿದ್ದರು. ವಿರೂಪಾಕ್ಷ ಎದ್ದು ನಿಂತು ಪ್ಯಾಂಟಿನ ಮಣ್ಣು ಕೊಡವಿಕೊಂಡರು; ಕಣ್ಣು ಗುಣಿಯ ಮೇಲೇ ಇತ್ತು.

"ಜನರಲ್ ಸಾಹೇಬ್ರ ಕಲ್ಲು ನಿಲ್ಸಿ ಸ್ವಾಮಿ, ಅವ್ರೂ ನಮ್ಮೋರೇ, ನಾನೇ ಹೂವ ಇಡ್ತೀನಿ" ಎಂದಳು ದೇವೀರಮ್ಮ. "ದಿಣ್ಣೆ ಹೆಸರೊಂದು ಬಿಟ್ಬಿಡಿ."