ಅಜ್ಜಿ ನೆಕ್ಕದ ಜೇನು

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಮಂಗಳವಾರ. ಮಂಗಳವಾರ ಹೊರಡಬಾರದು ಅಂದರು, ಅದಕ್ಕೇ ಹೊರಟೆ. ಐಗಳ ಮಠದಲ್ಲಿ ಕಾಗುಣಿತ ಅರ್ಧಕ್ಕೇ ನಿಂತಿತ್ತು. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿ ಮಲ್ಲರಸ ದೊರೆಯ ಪಟ್ಟಣಕ್ಕೆ ಬಂದ ದಿನ ಅಲ್ಲಿ ಡಂಗುರ ಹೊಡೆಯುತ್ತಿದ್ದರು:

“ಕೇಳಿರಯ್ಯಾ! ಮದ್ದು ಮನೆಯಲ್ಲಿದ್ದೂ ಜನ ಸಾಯುತ್ತಿದ್ದಾರೆ. ಮನೆಮನೆಗೆ ಹೋಗಿ ಮದ್ದು ಕೊಡಲು ಕಲಿಯುತ್ತಿರುವ ವೈದ್ಯಶಿಷ್ಯರಿಗೆ ದೊರೆಗಳು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನೇ ಎಲ್ಲರಿಗೂ ಗುರು. ತಪ್ಪಿದವನ ತಲೆ ಉಳಿಯದು. ಬೇರೆ ಯಾರು ಬಂದರೂ ಸರಿ!”

ಸಭೆಯಲ್ಲಿ ದೊರೆ ಕೇಳಿದ: “ಬಸದಿ ಬೀದಿಯ ಅಜ್ಜಿಗೆ ಜ್ವರ. ಜೇನಿನಲ್ಲಿ ತೇದ ಗುಳಿಗೆಯನ್ನು ಕೈಮುಗಿದು ತೆಗೆದುಕೊಂಡಳು, ನೆಕ್ಕದೆಯೇ ಸತ್ತಳು. ಬದುಕುವ ಆಸೆಯೂ ಇತ್ತು. ಯಾಕೆ?”

“ಮುದುಕಿಯ ಮೊಂಡುತನ,” ಅಂದ ಹಿರಿಯ ಶಿಷ್ಯ ನಾಗಾರ್ಯ. ಅವನನ್ನು ಕಂಬಕ್ಕೆ ಕಟ್ಟಿದರು.

“ಕುರಿಹಟ್ಟಿಯ ಸೊಸೆಗೆ ಹೊಟ್ಟೆನೋವು. ವೈದ್ಯ ಕೇಳಿದರೆ ತುಟಿ ಬಿಚ್ಚಲಿಲ್ಲ. ಅವನು ಹೊಸಿಲು ದಾಟುತ್ತಲೇ ಹಿತ್ತಲಲ್ಲಿ ಗೊಳೋ ಅಂದಳು. ಯಾಕೆ?”

“ಬರೀ ನಾಟಕ,” ಅಂದ ತಿಮ್ಮರಸ. ಅವನಿಗೂ ಕಂಬ. ಇನ್ನೂ ಮೀಸೆ ಬಲಿತಿರದ ಮುಖ.

ನೋಡಲಾಗಲಿಲ್ಲ. ಎದ್ದು ನಿಂತೆ.

“ಏಯ್ ಉಪ್ಪಿನವನೇ, ನಿನಗೇನೋ ಗೊತ್ತು?” ಅಂತ ಮಂತ್ರಿ ಗದರಿದ.

“ನಾನು ಉಂಡ ಮನೆಗಳು ಗೊತ್ತು, ಬುದ್ಧೀ. ಬಸದಿಗೆ ನಡೆದುಕೊಳ್ಳುವವರು ಜೇನು ಮುಟ್ಟುವುದಿಲ್ಲ. ಬಿಸಿನೀರಲ್ಲಿ ತೇದಿದ್ದರೆ ಅಜ್ಜಿ ಕುಡಿಯುತ್ತಿದ್ದಳು. ಇನ್ನು ಆ ಸೊಸೆಯನ್ನು ಕೇಳುವಾಗ ಎದುರಿಗೇ ಮಾವ ಕೂತಿದ್ದಿರಬೇಕು. ಮಾವನ ಮುಂದೆ ಸೊಸೆ ತನ್ನ ಮೈಯ ಮಾತಾಡುತ್ತಾಳಾ? ಸೂಲಗಿತ್ತಿಯ ಕೈಲಿ ಕೇಳಿಸಬೇಕಿತ್ತು.”

ದೊರೆ ಗಡ್ಡ ನೀವಿಕೊಂಡ. “ನಿನ್ನೆ ಯಾರೋ ಪರದೇಶದವರು ಕೆರೆಯಂಗಳದಲ್ಲಿ ಬಿಡಾರ ಹಾಕಿದ್ದಾರೆ. ಅವರ ಬಾಣಂತಿಗೆ ಏನು ಪಥ್ಯ?”

“ಗೊತ್ತಿಲ್ಲ.”

ದೊರೆಯ ಕತ್ತಿ ಒರೆಯಿಂದ ಅರ್ಧ ಬಂತು.

“ಅದೇ ಉತ್ತರ, ಬುದ್ಧೀ. ಅವಳನ್ನೇ ಕೇಳಬೇಕು. ಗೊತ್ತಿಲ್ಲ ಅಂದವನ ತಲೆ ತೆಗೆಯುವ ಊರಲ್ಲಿ ಯಾವ ವೈದ್ಯ ತಾನೇ ಬಾಯಿಬಿಟ್ಟು ಕೇಳುತ್ತಾನೆ? ಅಜ್ಜಿಯನ್ನು ಕೊಂದದ್ದು ಇವರಷ್ಟೇ ಅಲ್ಲ. ಈಗ ಬೇಕಾದರೆ ಕಡಿಯಿರಿ.”

ಕತ್ತಿ ಮೆಲ್ಲಗೆ ಒರೆಗೆ ಇಳಿಯಿತು.

“ಏನು ಬೇಕು ಕೇಳು. ಗುರುಪೀಠ ನಿನ್ನದು.”

“ಪೀಠ ಬೇಡ. ಇಬ್ಬರನ್ನೂ ಬಿಚ್ಚಿ. ಒಬ್ಬ ಬಸದಿ ಬೀದಿಯಲ್ಲಿ, ಇನ್ನೊಬ್ಬ ಕುರಿಹಟ್ಟಿಯಲ್ಲಿ ವರ್ಷವಿಡೀ ಇದ್ದು ಉಣ್ಣಲಿ.”

ದೊರೆ ಹಾಗೇ ಮಾಡಿದ. ಜೊತೆಗೆ ಒಂದು ಶಾಲನ್ನೂ ಹೊದಿಸಿದ.

ನಾಲ್ಕನೆಯ ದಿನ ಎತ್ತಿಗೆ ಹೇರು ಕಟ್ಟುತ್ತಿದ್ದೆ. ಹೇರಿನ ಕೆಳಗೆ ಆ ಶಾಲನ್ನೇ ಹಾಸಿದ್ದೆ, ಎತ್ತಿನ ಬೆನ್ನು ಒತ್ತದಿರಲಿ ಅಂತ. ನಾಗಾರ್ಯ ಓಡಿಬಂದ. “ಅಣ್ಣಾ, ಆ ಬೀದಿಗೆ ಹೋದರೆ ಮೊದಲು ಏನು ಹೇಳಲಿ?”

“ಏನೂ ಹೇಳಬೇಡ. ಜಗಲಿ ಮೇಲೆ ಕೂತು ಕೇಳಿಸಿಕೋ.”

“ಇವತ್ತು ಮಂಗಳವಾರ, ಹೊರಡಬಾರದಲ್ಲ!”

ನಕ್ಕು, ಹಗ್ಗ ಬಿಗಿದೆ.