ಕೆರೆಯಂಗಳದಲ್ಲಿ ಹಾಲುಕ್ಕಿಸಿದ ಮಂತ್ರಿ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ. ನಾನು ವರದಿ ಬರೆಯುವವನು. ಊರು ಹೇಗೆ ಬೆಳೆಯಬೇಕು, ಕೆರೆ ಹೇಗೆ ಉಳಿಯಬೇಕು ಎಂದು ದಪ್ಪ ದಪ್ಪ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಅವನ್ನು ಯಾರೂ ಓದುವುದಿಲ್ಲ. ಹಾಗಾಗಿ ಕಥೆ ಹೇಳುವುದಕ್ಕೆ ನನಗೆ ಬೇಕಾದಷ್ಟು ಬಿಡುವಿದೆ. ಇದು ನಮ್ಮ ಕುಲದ ಒಬ್ಬ ಪಂಡಿತನ ಕಥೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ಒಂದು ರಾಜ್ಯದಲ್ಲಿ ಮಲ್ಲರಸ ಎಂಬ ರಾಜನಿದ್ದ. ಒಳ್ಳೆಯವನೇ. ಆದರೆ ಗುಡ್ಡದ ಮೇಲಿನ ಅರಮನೆ ಬಿಟ್ಟು ಕೆಳಗಿಳಿಯುತ್ತಿದ್ದದ್ದು ಅಪರೂಪ. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಕೆರೆ. ಕೆರೆಯ ಏರಿಯಾಚೆ, ತಗ್ಗಿನಲ್ಲಿ, ಕೆಳಪೇಟೆ. ಕೆರೆ ತುಂಬಿದರೆ ಕೆಳಪೇಟೆಯ ಬಾವಿಗಳು ತುಂಬುತ್ತಿದ್ದವು. ಬೇಸಿಗೆಯಲ್ಲಿ ಕೆರೆ ಬತ್ತಿ ನೆಲ ಬಿರುಕು ಬಿಡುತ್ತಿತ್ತು. ಮಳೆಗಾಲದಲ್ಲಿ ಮತ್ತೆ ತುಂಬುತ್ತಿತ್ತು. ಅಜ್ಜನ ಕಾಲದಿಂದ ಹೀಗೇ ನಡೆದಿತ್ತು.

ಆ ರಾಜನಿಗೆ ಬೊಪ್ಪಯ್ಯ ಎಂಬ ಮಂತ್ರಿ. ಒಂದು ಬೇಸಿಗೆಯ ದಿನ ಅವನು ಅರಮನೆಯ ಕಿಟಕಿಯಿಂದ ಕೆಳಗೆ ನೋಡಿದ. ಬತ್ತಿದ ಕೆರೆ ಬಿಸಿಲಿನಲ್ಲಿ ಅಗಲವಾಗಿ ಬಿದ್ದುಕೊಂಡಿತ್ತು. ಮಂತ್ರಿಯ ಬಾಯಲ್ಲಿ ನೀರೂರಿತು.

"ಅಯ್ಯೋ, ಎಂಥ ಜಾಗ ದಂಡವಾಗಿ ಹೋಗ್ತಿದೆ!" ಎಂದ. ಕೆರೆಗೆ ಮಣ್ಣು ತುಂಬಿಸಬೇಕು, ಮೇಲೆ ಹೊಸ ಪೇಟೆ ಕಟ್ಟಿಸಬೇಕು, ಅದಕ್ಕೆ ಬೊಪ್ಪಯ್ಯನ ಪೇಟೆ ಎಂದು ಹೆಸರಿಡಬೇಕು ಎಂದು ಆಸೆಪಟ್ಟ.

ಆದರೆ ಆ ರಾಜ್ಯದಲ್ಲಿ ಎರಡು ಕಟ್ಟಳೆಗಳಿದ್ದವು. ಪಂಡಿತರು ನೋಡಿ ವರದಿ ಕೊಡದೆ ಕೆರೆಯನ್ನು ಮುಟ್ಟುವಂತಿಲ್ಲ. ಇನ್ನೊಂದು, ಹೊಸ ಪೇಟೆ ಕಟ್ಟಿಸುವವನು ಮೊದಲು ತಾನೇ ಆ ಜಾಗದಲ್ಲಿ ಗುಡಿಸಲು ಹಾಕಿ ಮೂರು ದಿನ ಇರಬೇಕು, ಮೂರನೆಯ ದಿನ ರಾಜನ ಎದುರು ಹಾಲುಕ್ಕಿಸಬೇಕು. ಮೊದಲನೆಯದು ಎಲ್ಲರಿಗೂ ನೆನಪಿತ್ತು. ಎರಡನೆಯದು ಬಹಳ ಜನಕ್ಕೆ ಮರೆತೇ ಹೋಗಿತ್ತು.

ವರದಿಗೆಂದು ಮಂತ್ರಿ ಪಂಡಿತ ಸೋವಣ್ಣನನ್ನು ಕರೆಸಿದ. ಇವನೇ ನಮ್ಮ ಕುಲದವನು. ತುಂಬಾ ಓದಿದವನು, ತುಂಬಾ ಪುಕ್ಕಲ. ಚಪ್ಪಲಿಗೆ ಕೆಸರಾಗಬಾರದು ಎಂದು ಬೇಸಿಗೆಯಲ್ಲೇ ಕೆರೆ ನೋಡಲು ಹೊರಟ. ಕೊಡೆ ಹಿಡಿಯಲು ಒಬ್ಬ ಆಳು, ಬೀಸಣಿಗೆಗೆ ಇನ್ನೊಬ್ಬ. ಕೆರೆಯಂಗಳದ ನಡುವೆ ನಿಂತು ಸುತ್ತಲೂ ನೋಡಿ ಬರೆದ: "ಇಲ್ಲಿ ನೀರಿಲ್ಲ. ಇದು ವಿಶಾಲವಾದ ಖಾಲಿ ಜಾಗ."

ಕಣ್ಣಾರೆ ಕಂಡದ್ದನ್ನೇ ಬರೆದ, ಪಾಪ. ನಮ್ಮ ಕುಲದವರು ಸುಳ್ಳು ಬರೆಯುವುದಿಲ್ಲ. ಮಳೆಗಾಲದಲ್ಲಿ ಹೋಗುವುದಿಲ್ಲ, ಅಷ್ಟೇ.

ಅಳತೆಗೆಂದು ಸೋವಣ್ಣ ಒಂದು ಗೂಟ ನೆಟ್ಟು ಸುತ್ತಿಗೆಯಿಂದ ಹೊಡೆದ. ಠಣ್ ಎಂದಿತು. ಮತ್ತೆ ಹೊಡೆದ. ಮತ್ತೆ ಠಣ್. ಮೂರನೆಯ ಸಲ ಹೊಡೆಯುವಾಗ ಮಣ್ಣು ಅಲುಗಾಡಿ ಒಂದು ಮುದಿ ಆಮೆ ತಲೆ ಹೊರಗೆ ಹಾಕಿತು.

"ಯಾರಯ್ಯ ಅದು, ನನ್ನ ಬೆನ್ನಿಗೆ ಗೂಟ ಹೊಡೆಯೋನು?"

"ನಾನು ಪಂಡಿತ ಸೋವಣ್ಣ. ನೀನ್ಯಾರು?"

"ನಾನು ಈ ಮನೆಯವನು."

"ಇಲ್ಲಿ ಮನೆ ಎಲ್ಲಿದೆ? ಖಾಲಿ ಜಾಗ ಇದು."

ಆಮೆ ಆಕಳಿಸಿತು. "ನೀರು ಊರಿಗೆ ಹೋಗಿದೆ ಕಣಯ್ಯ, ಮಳೆಗಾಲಕ್ಕೆ ವಾಪಸ್ ಬರುತ್ತೆ. ಮನೆಯವರು ನೆಂಟರ ಮನೆಗೆ ಹೋದ್ರೆ ಮನೆ ಖಾಲಿ ಅಂತ ಬರ್ಕೋತೀಯಾ ನೀನು?"

ಉತ್ತರ ಹೊಳೆಯದಾಗ ನಮ್ಮವರು ಹೇಳುವ ಒಂದು ಮಾತಿದೆ, ಸೋವಣ್ಣ ಅದನ್ನೇ ಹೇಳಿದ. "ಇದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ" ಎಂದು ಗೂಟವನ್ನು ಒಂದು ಮೊಳ ಆಚೆಗೆ ನೆಟ್ಟು ಹೊರಟ.

ಬರೆದದ್ದನ್ನು ಮಂತ್ರಿ ಓದಿ ನೋಡಿದ. "ಭೇಷ್! ಇನ್ನೊಂದು ಸಾಲು ಸೇರಿಸಿ ಪಂಡಿತರೇ. ಇನ್ನು ಮುಂದೆಯೂ ಇಲ್ಲಿಗೆ ನೀರು ಬರುವುದಿಲ್ಲ ಅಂತ ಬರೀರಿ."

"ಅದನ್ನು ನಾನು ನೋಡಿಲ್ಲವಲ್ಲ, ಮಂತ್ರಿಗಳೇ."

"ನಾನು ಹೇಳ್ತಿದ್ದೀನಲ್ಲ!"

ಮಂತ್ರಿಯ ದನಿ ಏರಿತು, ಸೋವಣ್ಣನ ಕೈ ತಾನಾಗಿ ಬರೆಯಿತು.

ನಕಲು ತೆಗೆಯಲೆಂದು ವರದಿ ಹಿಡಿದು ಮನೆಗೆ ಬಂದವನೇ ಊಟಕ್ಕೆ ಕೂತು, ಹೆಂಡತಿ ಮಾಚಕ್ಕನ ಮುಂದೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದ. ಅವರ ಮನೆ ಇದ್ದದ್ದು ಕೆಳಪೇಟೆಯಲ್ಲೇ. ಮಾಚಕ್ಕ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತಳು.

"ಅಲ್ಲ ಕಣ್ರೀ, ಕೆರೆ ಮುಚ್ಚಿದ್ರೆ ನಮ್ಮ ಬಾವಿಗೆ ನೀರು ಎಲ್ಲಿಂದ ಬರಬೇಕು?"

ಸೋವಣ್ಣ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಬಾವಿಗಳ ಬಗ್ಗೆ ಅವನೇ ಒಂದು ಗ್ರಂಥ ಬರೆದಿದ್ದ. ಆದರೆ ಬಾವಿಯದು ಒಂದು ಗ್ರಂಥ, ಕೆರೆಯದು ಇನ್ನೊಂದು ಗ್ರಂಥ. ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡಿರಲಿಲ್ಲ.

"ಕೆಳಪೇಟೆಯವರೆಲ್ಲ ಏನು ಕುಡೀಬೇಕು? ನಿಮ್ಮ ವರದಿ ಹಿಂಡ್ಕೊಂಡು ಕುಡಿಯೋಣವಾ?" ಮಾಚಕ್ಕನ ಕಣ್ಣಲ್ಲಿ ನೀರು ತುಂಬಿತ್ತು. "ಹೋಗಿ ಮಂತ್ರಿ ಎದುರು ನಿಂತು, ಆಗಲ್ಲ ಅಂತ ಹೇಳಿ."

"ಅಷ್ಟು ಧೈರ್ಯ ನನಗಿಲ್ಲ ಕಣೆ."

"ಮತ್ತೆ ಏನು ಬರುತ್ತೆ ನಿಮಗೆ?"

ಸೋವಣ್ಣ ಪ್ರಾಮಾಣಿಕ ಮನುಷ್ಯ. "ತಡ ಮಾಡೋದು ಬರುತ್ತೆ" ಎಂದ.

ಮಾಚಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಅದಂತೂ ನಿಜ. ಬಚ್ಚಲ ಒಲೆ ಸರಿ ಮಾಡಿಸ್ತೀನಿ ಅಂತ ಮದುವೆಯಾದಾಗಿನಿಂದ ಹೇಳ್ತಿದ್ದೀರಿ. ಅದನ್ನೇ ಮಾಡಿ. ಮಳೆ ಬರೋ ತನಕ ತಡ ಮಾಡಿ. ಕೆರೆ ತುಂಬಿದ್ದನ್ನು ರಾಜರು ಕಣ್ಣಾರೆ ನೋಡಲಿ."

ಮರುದಿನ ಸೋವಣ್ಣ ಮಂತ್ರಿಯ ಬಳಿ ಹೋದ. "ವರದಿ ಸಿದ್ಧವಾಗಿದೆ. ಆದರೆ ಒಂದು ತೊಡಕು. ಕೆರೆ ಎಂದರೆ ಏನು? ನೀರು ಇರುವುದು ಕೆರೆಯೋ, ನೀರು ನಿಲ್ಲುವುದು ಕೆರೆಯೋ? ಇದನ್ನು ಪಂಡಿತರ ಸಭೆ ತೀರ್ಮಾನಿಸಬೇಕು." ಸಭೆ ಕೂತಿತು, ಮಾವಿನ ಮರದ ನೆರಳಿನಲ್ಲಿ. ಪಂಡಿತರು ಕೂತಾಗ ಮರದಲ್ಲಿ ಮಿಡಿ ಇತ್ತು. ಏಳುವಾಗ ಹಣ್ಣು ಮುಗಿದಿತ್ತು. ಕೆರೆ ಎಂದರೆ ಏನು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಮಂತ್ರಿ ಹಲ್ಲು ಕಡಿದ. ಸೋವಣ್ಣ ಮತ್ತೆ ಹೋದ. "ವರದಿ ಸಿದ್ಧವಾಗಿದೆ. ಆದರೆ ನೆರೆ ರಾಜ್ಯಗಳಲ್ಲಿ ಕೆರೆಗಳನ್ನು ಏನು ಮಾಡುತ್ತಾರೆ ಎಂದು ನೋಡಿ ಬರಬೇಕು." ಪಂಡಿತರೆಲ್ಲ ಗಾಡಿ ಕಟ್ಟಿಕೊಂಡು ಹೊರಟರು. ಮೂರು ರಾಜ್ಯ ಸುತ್ತಿದರು. ಮೂರು ಕಡೆ ಶಾಲು ಹೊದೆಸಿಕೊಂಡರು. ಕೆರೆ ನೋಡುವುದಕ್ಕೆ ಪುರುಸೊತ್ತಾಗಲಿಲ್ಲ. ನೀವು ನಗುತ್ತೀರಿ. ನನ್ನ ಬೀರುವಿನಲ್ಲಿರುವ ಶಾಲುಗಳನ್ನು ನೋಡಿದರೆ ಇನ್ನೂ ನಗುತ್ತೀರಿ.

ಮಂತ್ರಿ ಮೇಜು ಕುಟ್ಟಿದ. ಸೋವಣ್ಣ ಮೂರನೆಯ ಸಲ ಹೋದ. "ವರದಿ ಸಿದ್ಧವಾಗಿದೆ. ಆದರೆ ಕೆರೆಯನ್ನು ನಂಬಿದವರ ಅಭಿಪ್ರಾಯ ಕೇಳಬೇಕು." ಏರಿಯ ಮೇಲೆ ಚಾಪೆ ಹಾಸಿ ಕೂತ. ಕೊಕ್ಕರೆ ಬಂದು, ಮೀನಿಲ್ಲದ ಸಭೆಯಲ್ಲಿ ತನಗೇನು ಕೆಲಸ ಎಂದು ಹಾರಿಹೋಯಿತು. ಎಮ್ಮೆ ಬಂದು ಚಾಪೆಯನ್ನು ಅರ್ಧ ತಿಂದಿತು. ಆಮೆ ಮಣ್ಣಿನೊಳಗಿಂದಲೇ "ಮೊದಲೇ ಹೇಳಿದ್ದೆನಲ್ಲ ಮಾರಾಯ, ಎಷ್ಟು ಸಲ ಎಬ್ಬಿಸ್ತೀಯ?" ಎಂದಿತು. ಅಷ್ಟರಲ್ಲಿ ಪಡುವಣ ಬೆಟ್ಟಗಳ ಮೇಲೆ ಮೋಡ ಕಟ್ಟತೊಡಗಿತ್ತು.

ಆದರೆ ಮಂತ್ರಿಗೂ ತಾಳ್ಮೆ ತೀರಿತು. ಮಣ್ಣು ತುಂಬಿದ ಗಾಡಿಗಳನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿ, ಸೋವಣ್ಣನನ್ನು ಹಿಡಿದು ತರಿಸಿದ.

"ಪಂಡಿತರೇ, ಇನ್ನೊಂದು ಸಲ ‘ಆದರೆ’ ಅಂದ್ರೆ ನಿಮ್ಮ ತಲೆ ಇರಲ್ಲ. ವರದಿ ತನ್ನಿ. ಇವತ್ತೇ ರಾಜರ ಮುದ್ರೆ ಬೀಳಬೇಕು."

ಸೋವಣ್ಣ ಮನೆಯ ಕಡೆಗೆ ತಿರುಗಿ ನೋಡಿದ. ಏರಿಯಾಚೆ ಕೆಳಪೇಟೆಯ ಹೆಂಚುಗಳು ಕಾಣುತ್ತಿದ್ದವು. ಬಾವಿಕಟ್ಟೆಯ ಬಳಿ ಮಾಚಕ್ಕ ಕೊಡ ಹಿಡಿದು ಇತ್ತಲೇ ನೋಡುತ್ತ ನಿಂತಿದ್ದಳು. ಅವಳನ್ನು ನೋಡಿದ್ದೇ, ಮರೆತುಹೋಗಿದ್ದ ಎರಡನೆಯ ಕಟ್ಟಳೆ ಅವನಿಗೆ ನೆನಪಾಯಿತು.

"ವರದಿ ಇಗೋ. ಆದ... ಅಲ್ಲ, ಹಾಗೆಯೇ ತಾವು ಇಲ್ಲಿ ಗುಡಿಸಲು ಹಾಕಿ, ಮೂರು ದಿನ ಇದ್ದು, ರಾಜರ ಎದುರು ಹಾಲುಕ್ಕಿಸಿಬಿಟ್ಟರೆ ಅಲ್ಲೇ ಮುದ್ರೆ ಬೀಳುತ್ತೆ. ಹಳೇ ಕಟ್ಟಳೆ."

ಮಂತ್ರಿ ತಲೆಯೆತ್ತಿ ನೋಡಿದ. "ಮೋಡ ಕಟ್ಟಿದೆಯಲ್ರೀ?"

ಸೋವಣ್ಣ ವರದಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿಗೆ ನೀರು ಬರುವುದಿಲ್ಲ ಎಂದು ಇಲ್ಲೇ ಇದೆ. ತಾವೇ ಹೇಳಿ ಬರೆಸಿದ್ದು. ತಮಗೆ ಅನುಮಾನ ಇದ್ದರೆ ಹೇಳಿ, ರಾಜರ ಮುಂದೆಯೇ ತಿದ್ದುತ್ತೇನೆ."

ಮಂತ್ರಿ ಸಿಕ್ಕಿಬಿದ್ದ. ಅನುಮಾನ ಇದೆ ಎಂದರೆ ಪೇಟೆ ಹೋಗುತ್ತದೆ. ಇಲ್ಲ ಎಂದರೆ ಗುಡಿಸಲಲ್ಲಿ ಮಲಗಬೇಕು. "ಅನುಮಾನವೇ! ನನಗೆಂಥ ಅನುಮಾನ?" ಎಂದು ಮೀಸೆ ತಿರುವಿದ. ಕೆರೆಯಂಗಳದ ನಟ್ಟನಡುವೆ, ಎಲ್ಲಕ್ಕಿಂತ ತಂಪಾದ, ಎಲ್ಲಕ್ಕಿಂತ ತಗ್ಗಾದ ಜಾಗ ಆರಿಸಿ ಗುಡಿಸಲು ಹಾಕಿಸಿದ. ಮಂಚ ಬಂತು, ಹಾಸಿಗೆ ಬಂತು, ಬೆಳ್ಳಿಯ ಪಾತ್ರೆ ಬಂತು. ಮಂತ್ರಿಯ ಹೆಂಡತಿ ಜಾಣೆ. ತಲೆನೋವೆಂದು ಗುಡ್ಡದ ಮೇಲೇ ಉಳಿದಳು.

ಮೊದಲನೆಯ ದಿನ ಮೋಡ ಬಂತು, ಹೋಯಿತು. ಮಂತ್ರಿ ನಕ್ಕ. ಎರಡನೆಯ ದಿನ ಗಾಳಿ ಬಂತು, ಹೋಯಿತು. ಮಂತ್ರಿ ಇನ್ನೂ ಜೋರಾಗಿ ನಕ್ಕ. ವರದಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ. ಓದಿ ಓದಿ ಅವನಿಗೆ ಆ ವರದಿ ನಿಜವೆಂದೇ ಅನಿಸತೊಡಗಿತ್ತು. ನಮ್ಮ ಕುಲದ ಬರವಣಿಗೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವನು ಅವನೊಬ್ಬನೇ ಇರಬೇಕು.

ಮೂರನೆಯ ದಿನ ಚುರುಚುರು ಬಿಸಿಲು. ರಾಜ ಆನೆಯೇರಿ ಏರಿಯ ಮೇಲೆ ಬಂದು ನಿಂತ. ಮಂತ್ರಿ ಒಲೆ ಹೊತ್ತಿಸಿ ಹಾಲಿಟ್ಟ. ಪಟ್ಟಣದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಪಡುವಣ ಬೆಟ್ಟಗಳಲ್ಲಿ ಬೆಳಗಿನಿಂದ ಹುಯ್ದಿತ್ತು. ಆ ನೀರು ಹಳ್ಳ ಸೇರಿ, ಹಳ್ಳ ಕಾಲುವೆ ಸೇರಿ, ಯಾರನ್ನೂ ಕೇಳದೆ ತನ್ನ ಮನೆಗೆ ಹೊರಟಿತ್ತು.

ಹಾಲು ಕಾಯಿತು. ಹಾಲು ಏರಿತು. ಹಾಲು ಉಕ್ಕುವ ಹೊತ್ತಿಗೆ ಒಲೆ ಚುಂಯ್ ಎಂದು ಆರಿತು. ಮಂತ್ರಿ ಬಗ್ಗಿ ನೋಡಿದರೆ ಪಾದದ ಮಟ್ಟಕ್ಕೆ ಕೆಂಪು ನೀರು. ಆಳುಗಳು ಏರಿಯ ಕಡೆಗೆ ಓಟ ಕಿತ್ತರು. ಬೆಳ್ಳಿಯ ಪಾತ್ರೆ ಬಿಟ್ಟು ಓಡಲು ಮಂತ್ರಿಗೆ ಮನಸ್ಸು ಬರಲಿಲ್ಲ. ಮೊದಲು ಮಂಚ ಹತ್ತಿದ, ಆಮೇಲೆ ಪೆಟ್ಟಿಗೆ ಹತ್ತಿದ, ಕೊನೆಗೆ ಗುಡಿಸಲಿನ ಮಾಡು ಹತ್ತಿದ. ಹಾಲಿನ ಪಾತ್ರೆ ತೇಲುತ್ತಾ ಅವನ ಮುಂದೆಯೇ ಹೋಯಿತು. ಅದರ ಹಿಂದೆ ಆಮೆ ಈಜುತ್ತಾ ಬಂತು.

"ಯಾರಯ್ಯ ನೀನು, ನನ್ನ ಮನೆ ಮೇಲೆ?" ಎಂದು ಕೇಳಿತು.

ಏರಿಯ ಮೇಲಿಂದ ರಾಜನೂ ಕೂಗಿದ. "ಮಂತ್ರಿಗಳೇ, ಇಲ್ಲಿಗೆ ನೀರು ಬರಲ್ಲ ಅಂದಿದ್ರಲ್ಲ?"

"ಪ್ರಭು, ವರದಿಯಲ್ಲಿ ಹಾಗೇ ಇದೆ!"

"ಹಾಗಾದ್ರೆ ವರದಿ ಹಿಡ್ಕೊಂಡು ನಡ್ಕೊಂಡು ಬನ್ನಿ."

ಕೆಳಪೇಟೆಯ ಜನರೆಲ್ಲ ಏರಿಯ ಮೇಲೆ ಸೇರಿ ಬಿದ್ದು ಬಿದ್ದು ನಕ್ಕರು. ಬೆಸ್ತರು ಹರಿಗೋಲು ಹಾಕಿ ಮಂತ್ರಿಯನ್ನು ದಡಕ್ಕೆ ತಂದರು. ರಾಜ ಅವನ ಮಂತ್ರಿಗಿರಿ ಕಿತ್ತುಕೊಂಡು, ಪ್ರತಿ ಬೇಸಿಗೆಯಲ್ಲೂ ಈ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಹಾಕಬೇಕು ಎಂದು ಅಪ್ಪಣೆ ಮಾಡಿದ. ಗಾಡಿಯಲ್ಲಿದ್ದ ಮಣ್ಣಿನಿಂದ ಏರಿಯನ್ನು ಗಟ್ಟಿ ಮಾಡಿಸಿದ. ಮಾಚಕ್ಕನ ಬಾವಿಯಲ್ಲಿ ನೀರು ಮೇಲೇರಿತು.

ಜನ ಸೋವಣ್ಣನನ್ನು ಹೊಗಳಿದರು. ಹೊಗಳಿಕೆಗೆ ಕೊರಳು ಚಾಚುವುದು ನಮ್ಮವರ ಅಭ್ಯಾಸ. ಆದರೆ ಮಾಚಕ್ಕ ಪಕ್ಕದಲ್ಲೇ ನಿಂತಿದ್ದಳು. ಸೋವಣ್ಣ ತಲೆ ತಗ್ಗಿಸಿ, "ಪ್ರಭು, ಖಾಲಿ ಜಾಗ ಎಂದು ಬರೆದವನು ನಾನೇ. ಬೇಸಿಗೆಯಲ್ಲಿ ನೋಡಿದ್ದೆ" ಎಂದ.

"ಹಾಗಾದ್ರೆ ನಿನಗೂ ಶಿಕ್ಷೆ ಇದೆ," ಎಂದ ರಾಜ. "ಇನ್ನು ಮುಂದೆ ಕೆರೆಯ ವರದಿ ಬರೆಯುವವರು ಯಾರೇ ಆಗಲಿ, ಮಳೆಗಾಲದಲ್ಲಿ, ಅದೇ ಕೆರೆಯಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತು ಬರೀಬೇಕು. ಇವತ್ತೇ ಶುರು ಮಾಡು."

ಸೋವಣ್ಣ ಚಪ್ಪಲಿ ಬಿಟ್ಟು ನೀರಿಗಿಳಿದ. ಸಂಜೆಯತನಕ ನಿಂತ. ಸೀನುತ್ತಾ ಸೀನುತ್ತಾ ಬರೆದದ್ದು ಎರಡೇ ಮಾತು: "ಇದು ಕೆರೆ." ಮಾಚಕ್ಕ ಕಷಾಯ ಕಾಸಿಕೊಟ್ಟು, ಗಂಡನ ಒದ್ದೆ ತಲೆಯನ್ನು ತಾನೇ ಒರೆಸಿದಳು. ಅಷ್ಟು ಚಿಕ್ಕ ವರದಿಯನ್ನು ನಮ್ಮ ಕುಲದವರು ಇವತ್ತಿಗೂ ಪಾಂಡಿತ್ಯವೆಂದು ಒಪ್ಪಿಲ್ಲ.

ನೀತಿ ಏನು ಗೊತ್ತೇ ಮಕ್ಕಳೇ? ನೀರಿನ ಮನೆಗೆ ಬೀಗ ಇರುವುದಿಲ್ಲ, ಹಾಗೆಂದು ಅದು ಯಾರದೂ ಅಲ್ಲ ಎಂದುಕೊಳ್ಳಬೇಡಿ. ಆಸೆಗೆ ತಕ್ಕಂತೆ ಸುಳ್ಳು ಬರೆಸಿಕೊಂಡವನು ಕಡೆಗೆ ಆ ಸುಳ್ಳಿನಲ್ಲೇ ಮುಳುಗುತ್ತಾನೆ. ಒಂದು ಜಾಗದ ಬಗ್ಗೆ ಬರೆಯುವವನು ಮೊದಲು ಅಲ್ಲಿ ಕಾಲು ಒದ್ದೆ ಮಾಡಿಕೊಳ್ಳಬೇಕು.

ಕಥೆ ಕೆರೆ ಸೇರಿತು, ನಾನು ದಡದಲ್ಲೇ ಉಳಿದೆ. ಕೆರೆಗಳ ಬಗ್ಗೆ ನಾನೂ ಎಷ್ಟೋ ವರದಿ ಬರೆದಿದ್ದೇನೆ ಮಕ್ಕಳೇ. ಒಂದು ಸಲವೂ ನೆಗಡಿಯಾಗಿಲ್ಲ.