ಕಾಗೆ ಮುಟ್ಟುವ ತನಕ

“ಗುರುಗಳೇ, ಉಣ್ಣುವವರೇ ಚೆನ್ನಾಗಿದೆ ಎಂದ ಮೇಲೆ ಇನ್ನು ಯಾರ ಮಾತು ಕೇಳಬೇಕು?”

ಹೀಗೆ ಕೇಳಿದವನು ಕರಿಬಸವ. ಮಠದ ವೃದ್ಧಾಶ್ರಮದ ಉಸ್ತುವಾರಿ ಅವನದು. ಅಂದು ಬೆಳಿಗ್ಗೆ ಗುರುಗಳು ಆಶ್ರಮವನ್ನು ಒಂದು ಸುತ್ತು ನೋಡಿ ಬಂದಿದ್ದರು. ಬಂದವರು ಮೆಚ್ಚಿಗೆಯ ಮಾತೊಂದನ್ನೂ ಆಡದೆ ಕುಳಿತುಬಿಟ್ಟರು. ಕರಿಬಸವನಿಗೆ ಅದನ್ನು ಸಹಿಸಲಾಗಲಿಲ್ಲ. ಹಾಸಿಗೆಗಳು ಶುಭ್ರವಾಗಿದ್ದವು, ನೆಲ ಹೊಳೆಯುತ್ತಿತ್ತು, ದಿನಕ್ಕೊಬ್ಬ ದಾನಿ ಬಂದು ಸಿಹಿಯೂಟ ಹಾಕಿಸುತ್ತಿದ್ದ. ಕರಿಬಸವ ಒಂದೊಂದು ಮಂಚದ ಬಳಿಯೂ ನಿಂತು ವಿಚಾರಿಸಿದ್ದ. ಎಲ್ಲರೂ ಚೆನ್ನಾಗಿದೆ ಎಂದಿದ್ದರು.

“ನೀನು ಕೇಳುವಾಗ ಪಕ್ಕದಲ್ಲಿ ಯಾರಿದ್ದರು?” ಎಂದರು ಗುರುಗಳು.

“ನೋಡಿಕೊಳ್ಳುವ ಆಯಾ ಇದ್ದಳು. ಅವರನ್ನು ಎತ್ತಿ ಕೂರಿಸಲು ಬೇಕಲ್ಲ.”

ಗುರುಗಳು ಹಣೆ ಚಚ್ಚಿಕೊಂಡರು. “ಕೂತುಕೋ. ಕತೆ ಮುಗಿಯುವ ತನಕ ಬಾಯಿ ತೆರೆಯಬೇಡ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕ ವೃದ್ಧಾಶ್ರಮ ಕಟ್ಟಿಸಿದ. ಒಳ್ಳೆಯವನು. ಅದೇ ದೊಡ್ಡ ತಲೆನೋವು. ಕೆಟ್ಟವನಾಗಿದ್ದರೆ ಯಾರಾದರೂ ಎದುರು ನಿಂತು ಕೇಳುತ್ತಿದ್ದರು. ಹುಟ್ಟುಹಬ್ಬವಿರಲಿ, ಮದುವೆಯಾದ ದಿನವಿರಲಿ, ಹಿರಿಯರ ತಿಥಿಯಿರಲಿ, ಜನ ಅಲ್ಲಿಗೆ ಬಂದು ಊಟ ಹಾಕಿಸುತ್ತಿದ್ದರು. ಹಾಕಿಸುವವರು ಬಂದು ತಮ್ಮ ಕೈಯಾರೆ ಮೊದಲ ಸೌಟು ಬಡಿಸುವ ತನಕ ಯಾರೂ ಉಣ್ಣುವಂತಿಲ್ಲ ಎಂದು ವರ್ತಕ ನಿಯಮ ಮಾಡಿದ್ದ. ಆ ದಾನಿಗಳು ಪೂಜೆ ಮುಗಿಸಬೇಕು, ರಾಹುಕಾಲ ಕಳೆಯಬೇಕು, ನೆಂಟರನ್ನೆಲ್ಲ ಕಾರಿಗೆ ತುಂಬಿಕೊಂಡು ಬರಬೇಕು. ಬಂದ ಮೇಲೆ ಫೋಟೋ ಆಗಬೇಕು. ಅಲ್ಲಿಯವರೆಗೆ ಮುದುಕರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತಿರಬೇಕು. ಹಸಿದವನನ್ನು ಕಾಯಿಸಿ ಪುಣ್ಯ ಕಟ್ಟಿಕೊಳ್ಳುವ ಬುದ್ಧಿ ನಮ್ಮವರಿಗಲ್ಲದೆ ಇನ್ಯಾರಿಗೆ ಬರುತ್ತದೆ, ಹೇಳು. ಬೇಡ, ಹೇಳಬೇಡ, ಕೇಳು.

ಅಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ ಇದ್ದರು. ಗಂಡಹೆಂಡಿರು. ಮಕ್ಕಳಿರಲಿಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆ ಬಲಿತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ನರ್ಸ್ ಬಂದು ಇನ್ಸುಲಿನ್ ಚುಚ್ಚಿ ಹೋಗುತ್ತಿದ್ದಳು. ಚುಚ್ಚಿದ ಮೇಲೆ ಬೇಗ ಉಣ್ಣಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ. ಸೂಜಿ ಒಂದು ದಿನವೂ ತಡವಾಗುತ್ತಿರಲಿಲ್ಲ, ಊಟ ಒಂದು ದಿನವೂ ಹೊತ್ತಿಗೆ ಬರುತ್ತಿರಲಿಲ್ಲ. ಅಜ್ಜ ಬೆವರಿ ನಡುಗುತ್ತಿದ್ದ. ಅಜ್ಜಿ ಅವನ ಬೆನ್ನು ಸವರುತ್ತ ಬಾಗಿಲ ಕಡೆ ನೋಡುತ್ತಿದ್ದಳು.

ವರ್ತಕ ವಾರಕ್ಕೊಮ್ಮೆ ಬಂದು ಏನಾದರೂ ಕೊರತೆಯಿದೆಯೇ ಎಂದು ಕೇಳುತ್ತಿದ್ದ. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ.

“ಸಾವ್ಕಾರ್ರೇ, ನಮ್ಗೆ ಹೋಳ್ಗೆ ಬ್ಯಾಡ, ಪಾಯಸ ಬ್ಯಾಡ. ಸೂಜಿ ಚುಚ್ಚಿದ ಮ್ಯಾಲೆ ಇವ್ರಿಗೆ ಒಂದು ತುತ್ತು ಅನ್ನ ಸಾರು ಹಾಕ್ಸಿ. ಬಡ್ಸೋರು ಯಾವಾಗಾದ್ರೂ ಬರ್ಲಿ.”

“ಅಜ್ಜೀ, ಅವರು ದೊಡ್ಡ ಮನಸ್ಸು ಮಾಡಿ ಹಾಕಿಸ್ತಾರೆ. ಅವರು ಬರೋ ಮುಂಚೆ ಉಂಡ್ರೆ ಬೇಜಾರಾಗಲ್ವಾ? ಸ್ವಲ್ಪ ಅನುಸರಿಸ್ಕೊಳ್ಳಿ” ಎನ್ನುತ್ತಿದ್ದ ವರ್ತಕ.

ಉಪವಾಸ ಕುಳಿತವನು ಅನುಸರಿಸಿಕೊಳ್ಳಬೇಕು. ಕಾರಿನಲ್ಲಿ ಬರುವವನಿಗೆ ಬೇಗ ಬಾ ಎನ್ನುವಂತಿಲ್ಲ. ಇದಕ್ಕೆ ಅವನು ಸೇವೆ ಎಂದು ಹೆಸರಿಟ್ಟಿದ್ದ. ಅಜ್ಜಿಗೆ ಗೊಣಗಜ್ಜಿ ಎಂದು ಹೆಸರು ಬಿತ್ತು. ಉಳಿದ ಮುದುಕರೂ ಅವಳಿಂದ ದೂರ ಕೂರತೊಡಗಿದರು. ಅವರಿಗೆ ಹಸಿವಿರಲಿಲ್ಲ ಎಂದುಕೊಳ್ಳಬೇಡ. ಇರುವ ಮಂಚವೂ ಹೋದೀತು ಎಂಬ ಭಯ ಅವರಿಗೆ ಹಸಿವಿಗಿಂತ ಹೆಚ್ಚಾಗಿತ್ತು.

ಒಂದು ದಿನ ಒಬ್ಬ ದೊಡ್ಡ ಮನುಷ್ಯ ತನ್ನ ತಂದೆಯ ತಿಥಿಗೆ ಊಟ ಹಾಕಿಸಿದ. ಬರುವಾಗಲೇ ತಡವಾಗಿತ್ತು. ಅಂಗಳದ ಮೋಟುಗೋಡೆಯ ಮೇಲೆ ಎಲೆ ಹಾಸಿ ಅನ್ನ, ವಡೆ, ದೊನ್ನೆಯಲ್ಲಿ ಪಾಯಸ ಇಟ್ಟು ಎಡೆ ಮಾಡಿದರು. ಕಾಗೆ ಬಂದು ಆ ಎಡೆ ಮುಟ್ಟಿದರೆ ತೀರಿಹೋದ ಹಿರಿಯರು ಉಂಡಂತೆ. ಅದಾದ ಮೇಲೆಯೇ ಉಳಿದವರ ಊಟ. ಕಾಗೆ ಹೆದರದಿರಲೆಂದು ಎಲ್ಲರೂ ದೂರ ಸರಿದು ನಿಂತರು. ಕಾಗೆ ಬರಲಿಲ್ಲ. ದೊಡ್ಡ ಮನುಷ್ಯ ಕಾ ಕಾ ಎಂದು ಕರೆದ. ವರ್ತಕನೂ ಕರೆದ. ಅಡುಗೆಯವನೂ ಕರೆದ. ಸತ್ತವರಿಗೆ ಯಾವ ಆಸೆ ಉಳಿದಿದೆಯೋ, ಯಾರ ಮೇಲೆ ಕೋಪವಿದೆಯೋ ಎಂದು ನೆಂಟರು ಚರ್ಚೆಗೆ ಕುಳಿತರು. ಸತ್ತವನ ಮನಸ್ಸು ತಿಳಿಯಲು ಅಷ್ಟು ಜನ. ಬದುಕಿದ್ದವನು ಕಣ್ಣೆದುರೇ ಬೆವರುತ್ತಿದ್ದರೆ ಒಬ್ಬನೂ ತಿರುಗಿ ನೋಡಲಿಲ್ಲ. ನನಗೆ ಹೇಳುವಾಗಲೂ ಮೈ ಉರಿಯುತ್ತದೆ.

ಅಜ್ಜನ ಕತ್ತು ವಾಲಿತು. ಅಜ್ಜಿ ಎದ್ದು ಅಡುಗೆಯವನ ಬಳಿಗೆ ಹೋದಳು.

“ಒಂದು ಚಮಚ ಪಾಯಸ ಕೊಡಪ್ಪ. ನಮ್ಮೆಜಮಾನ್ರು ಕೈ ಬಿಟ್ಟು ಹೋಗ್ತಾವ್ರೆ.”

“ಕಾಗೆ ಮುಟ್ಲಿ ಇರಜ್ಜಿ, ಇನ್ನೇನು ಬಂದ್ಬಿಡುತ್ತೆ” ಎಂದು ಅವನು ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟ.

ಆ ಆಶ್ರಮದಲ್ಲಿ ಯಾರ ಕಾವಲೂ ಇಲ್ಲದೆ ಇದ್ದ ಅನ್ನವೆಂದರೆ ಗೋಡೆಯ ಮೇಲಿನ ಎಡೆಯೊಂದೇ. ಅಜ್ಜಿ ನೆಟ್ಟಗೆ ಅಲ್ಲಿಗೆ ನಡೆದಳು. ಪಾಯಸದ ದೊನ್ನೆ ಎತ್ತಿಕೊಂಡು ಬಂದು, ಗಂಡನ ತಲೆಯನ್ನು ತೋಳಿಗೆ ಆನಿಸಿಕೊಂಡು, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ನಾಲಿಗೆಗೆ ಸವರಿದಳು. ಎಷ್ಟೋ ಹೊತ್ತಿನ ಮೇಲೆ ಅಜ್ಜ ಕಣ್ಣು ಬಿಟ್ಟ.

ಅಷ್ಟಕ್ಕೆ ಎಲ್ಲರೂ ಉಸಿರು ಬಿಡಬೇಕಿತ್ತು. ಬಿಡಲಿಲ್ಲ. ಎಡೆ ಮೈಲಿಗೆಯಾಯಿತು ಎಂದು ದೊಡ್ಡ ಮನುಷ್ಯ ಹೊರಟು ನಿಂತ. ವರ್ತಕ ಅವನ ಕೈ ಹಿಡಿದು ಕ್ಷಮೆ ಕೇಳಿದ. ಹೊಸ ಎಲೆ ಹಾಕಿಸಿದ. ಮುಂದೆ ಹೀಗಾಗದಿರಲು ಉಪಾಯವನ್ನೂ ಹುಡುಕಿದ: ಅಂದಿನಿಂದ ಎಡೆಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ. ಅಜ್ಜನ ತಟ್ಟೆಗೆ ಅನ್ನ ಮಾತ್ರ ಮೊದಲಿನಂತೆ ತಡವಾಗಿಯೇ ಬರುತ್ತಿತ್ತು. ಅಷ್ಟು ಓಡಿದ ತಲೆ ಇನ್ನೊಂದು ಚೂರು ಈ ಕಡೆಗೆ ಓಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಸಂಜೆ ವರ್ತಕ ಅಜ್ಜಿಯನ್ನು ಕರೆಸಿದ. ಬೈಯಲಿಲ್ಲ, ಗದರಲಿಲ್ಲ. ಮೆತ್ತಗೆ ಹೇಳಿದ. “ಅಜ್ಜೀ, ನಿಮಗೆ ಇಲ್ಲಿ ಹೊಂದ್ತಿಲ್ಲ ಅನ್ಸುತ್ತೆ. ಪಕ್ಕದ ಊರಲ್ಲಿ ಗಂಡಸರ ಆಶ್ರಮ ಇದೆ. ಯಜಮಾನರನ್ನ ಅಲ್ಲಿಗೆ ಸೇರಿಸೋಣ್ವಾ?”

ಮದುವೆಯಾದಂದಿನಿಂದ ಅಜ್ಜಿ ಗಂಡನನ್ನು ಬಿಟ್ಟು ಇದ್ದವಳಲ್ಲ.

“ಬ್ಯಾಡ ಸಾವ್ಕಾರ್ರೇ. ಇಲ್ಲೇ ಚೆನ್ನಾಗೈತೆ” ಎಂದಳು.

ಆಮೇಲೆ ಅವಳು ಸೆರಗಿನ ತುದಿಗೆ ಬೆಲ್ಲದ ಚೂರು ಗಂಟು ಹಾಕಿಕೊಳ್ಳುವುದನ್ನು ಕಲಿತಳು. ಸೂಜಿಯಾದ ಮೇಲೆ ಗೋಡೆಯ ಕಡೆಗೆ ತಿರುಗಿ ಕುಳಿತು, ಕದ್ದವಳ ಹಾಗೆ ಅದನ್ನು ಗಂಡನ ಬಾಯಿಗೆ ಇಡುತ್ತಿದ್ದಳು. ಮುಂದಿನ ವಾರ ವರ್ತಕ ಬಂದು ಕೊರತೆಯಿದೆಯೇ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಚೆನ್ನಾಗಿದೆ ಎಂದವಳು ಅವಳೇ. ಗೊಣಗಜ್ಜಿಯೇ ಒಪ್ಪಿದಳಲ್ಲ ಎಂದು ವರ್ತಕ ಹಿಗ್ಗಿದ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ತಡೆಯಲಾರದೆ ಕೇಳಿದ: “ಹಾಗಾದರೆ ತಪ್ಪು ಯಾರದು, ಗುರುಗಳೇ? ತಿಥಿಗೆ ಬಂದವನದೋ, ನಿಯಮ ಮಾಡಿದವನದೋ?”

“ಅದನ್ನು ಬಾಯಿಬಿಟ್ಟು ಹೇಳುತ್ತಿದ್ದವಳು ಆ ಅಜ್ಜಿ ಒಬ್ಬಳೇ, ಈಗ ನೀನೇ ಹೋಗಿ ಕೇಳಿದರೂ ಅವಳು ಚೆನ್ನಾಗಿದೆ ಎನ್ನುತ್ತಾಳೆ.”